ಜಮಾದಾರನ ಹೆಸರಿಗೆ ಒಂದು ಕುತ್ತಿಗೆ ನೋವು

ಬೀದರಿನ ಧಾನ್ಯಪೇಟೆಯಾದ ಗಾಂಧಿ ಗಂಜಿನಲ್ಲಿ ಮೈಕೈ ನೋವಿನ ಬಗ್ಗೆ ಮಾತಾಡುವ ಹಕ್ಕು ಹಮಾಲರಿಗೆ ಸೇರಿದ್ದು. ತೊಗರಿಯ ಚೀಲವನ್ನು ಬೆನ್ನಿಗೇರಿಸಿಕೊಂಡು ಲಾರಿಯಿಂದ ಗೋದಾಮಿಗೆ, ಗೋದಾಮಿನಿಂದ ಲಾರಿಗೆ ಓಡಾಡುವವರು ಅವರು. ಅವರೇ ಬಾಯಿ ಮುಚ್ಚಿಕೊಂಡಿರುವಾಗ, ಕೈಲಾಶ ಸೇಠರ ಅಡತಿ ಅಂಗಡಿಯಲ್ಲಿ ಕುರ್ಚಿಯ ಮೇಲೆ ಕೂತು ತೂಕ ಬರೆದುಕೊಳ್ಳುವ ಮುನೀಮ ಅನೀಲಕುಮಾರ ತನಗೆ ಕುತ್ತಿಗೆ ನೋವು ಎಂದರೆ ಅದನ್ನು ಗಂಜಿನಲ್ಲಿ ಯಾರೂ ಸುದ್ದಿಯೆಂದು ಪರಿಗಣಿಸಲಿಲ್ಲ. ನಗೆಹನಿಯೆಂದು ಪರಿಗಣಿಸಿದರು.

ನೋವು ಶುರುವಾಗಿ ಎರಡು ವರ್ಷವಾಗಿತ್ತು. ಬಲಭುಜ ಕುತ್ತಿಗೆಗೆ ಸೇರುವಲ್ಲಿ ಹುಟ್ಟಿ, ಕಿವಿಯ ಹಿಂದಿನಿಂದ ಮೇಲೇರಿ, ಬಲಗಣ್ಣಿನ ಮೇಲೆ ಬಂದು ಕೂರುತ್ತಿತ್ತು. ಕೂತ ಮೇಲೆ ಏಳುವ ಅವಸರ ಅದಕ್ಕಿರಲಿಲ್ಲ. ಯಾರಾದರೂ ಪಕ್ಕದಿಂದ ಕರೆದರೆ ಅನೀಲಕುಮಾರ ಕತ್ತು ತಿರುಗಿಸದೆ, ಬಂಡಿ ತಿರುಗಿಸಿದಂತೆ ಇಡೀ ಮೈಯನ್ನೇ ತಿರುಗಿಸುತ್ತಿದ್ದ. ನೋವು ಜೋರಾದ ದಿನ ಬಾಗಿಲ ಬೆಳಕನ್ನು ನೋಡಲಾಗದೆ ಒಂದು ಕಣ್ಣು ಮುಚ್ಚಿಕೊಂಡು ತೂಕ ಬರೆಯುತ್ತಿದ್ದ. ಮಾಲು ತಂದ ರೈತರು ಇವನು ತಮಗೆ ಏನೋ ಸನ್ನೆ ಮಾಡುತ್ತಿದ್ದಾನೆ ಎಂದುಕೊಂಡು ತಕ್ಕಡಿಯನ್ನು ಮತ್ತೊಮ್ಮೆ ನೋಡುತ್ತಿದ್ದರು.

ಹಮಾಲರ ಮುಖಂಡ ಉಸ್ಮಾನ ಮಿಯಾ ದಿನಕ್ಕೊಮ್ಮೆ ಬಂದು ವಿಚಾರಿಸುತ್ತಿದ್ದ.

"ಪೆನ್ನು ಭಾಳ ವಜನ್ ಅದ ಏನ್ರಿ ಸಾಬ್? ಕೊಡ್ರಿ, ಹೊತ್ಕೊಂಡು ಹೋಗಿ ಗೋದಾಮಿನಾಗ ಇಟ್ಟು ಬರ್ತೀನಿ."

ಅನೀಲಕುಮಾರ ಉತ್ತರ ಹುಡುಕಲು ಹೋಗದ ಜಾಗವಿಲ್ಲ. ಬೀದರಿನ ಡಾಕ್ಟರು ಮೊದಲು ಎಕ್ಸ್‌ರೇ ತೆಗೆಸಿದರು. ಆಮೇಲೆ ಬಾವಿಯಂಥ ಒಂದು ದೊಡ್ಡ ಯಂತ್ರದೊಳಗೆ ಮಲಗಿಸಿದರು. ಎಲ್ಲವೂ ನಾರ್ಮಲ್ ಎಂದು ಬಂದಾಗ ಅಭಿನಂದನೆ ಹೇಳಿದರು. ಎಲ್ಲಾದರೂ ಬಿದ್ದಿದ್ದಿರಾ, ಗಾಡಿ ಡಿಕ್ಕಿಯಾಗಿತ್ತಾ, ಏಟು ತಿಂದಿದ್ದಿರಾ ಎಂದು ಕೇಳಿದರು. ಇವನು ಪ್ರತಿಯೊಂದಕ್ಕೂ ಇಲ್ಲ ಎನ್ನುತ್ತ ಹೋದಂತೆ ಅವರ ಉತ್ಸಾಹ ಇಳಿಯಿತು. ದಿಂಬು ಬದಲಿಸಿ ನೋಡಿ ಎಂದರು. ಅವನು ಹತ್ತಿಯ ದಿಂಬು ಬಿಟ್ಟು ಮಡಚಿದ ಟವೆಲ್ಲಿಗೆ ಬಂದ, ಟವೆಲ್ಲು ಬಿಟ್ಟು ಬರಿಯ ಚಾಪೆಗೆ ಬಂದ. ನೋವು ಎಲ್ಲದಕ್ಕೂ ಹೊಂದಿಕೊಂಡಿತು.

ಭಾಲ್ಕಿಯಲ್ಲಿ ಸಿಮೆಂಟ್ ಅಂಗಡಿ ಇಟ್ಟಿದ್ದ ಅಣ್ಣ ಅಶೋಕಕುಮಾರ ತನಗೆ ಗೊತ್ತಿದ್ದ ಎಲುಬು ಕೂಡಿಸುವವನ ಹತ್ತಿರ ಕರೆದೊಯ್ದ. ಅವನು ಎಲ್ಲಿಂದ ಬಿದ್ದಿರಿ ಎಂದು ಕೇಳಿದ. ಎಲ್ಲಿಂದಲೂ ಬಿದ್ದಿಲ್ಲ ಎಂದರೆ ನಂಬದೆ, ಅನೀಲಕುಮಾರನ ತಲೆಯನ್ನು ಮೊಣಕಾಲ ನಡುವೆ ಹಿಡಿದು ತಿರುವಿದ. ಎರಡು ಸಲ ಲಟಕ್ಕೆಂದಿತು. ಒಂದು ಕುತ್ತಿಗೆಯದು. ಇನ್ನೊಂದು ಎಲ್ಲಿಯದೆಂದು ಈವರೆಗೆ ಗೊತ್ತಾಗಿಲ್ಲ. ಔರಾದಿನಲ್ಲಿ ಗಿಡಮೂಲಿಕೆ ಕೊಡುವ ಮಹಾಮಾಯಾ ಎಂಬ ಮುದುಕಿಯಂತೂ ಹೊಸ್ತಿಲಲ್ಲೇ ನಿಲ್ಲಿಸಿ, ಕಾರಣ ಹೇಳಿದರೆ ಮದ್ದು ಹೇಳುತ್ತೇನೆ, ಕಾರಣವಿಲ್ಲದ ಬ್ಯಾನಿಗೆ ತನ್ನ ಹತ್ತಿರ ಏನೂ ಇಲ್ಲ ಎಂದು ವಾಪಸು ಕಳಿಸಿದಳು.

ಹೆಂಡತಿ ಸಿದ್ದೇಶ್ವರಿ ಮಾತ್ರ ದಿನಾ ಸಂಜೆ ಹಂಚಿನ ಮೇಲೆ ಉಪ್ಪು ಹುರಿದು, ಬಟ್ಟೆಯಲ್ಲಿ ಕಟ್ಟಿ, ಅವನ ಕುತ್ತಿಗೆಗೆ ಶಾಖ ಕೊಡುತ್ತಿದ್ದಳು. ಅದರಿಂದ ನೋವು ಹೋಗುತ್ತಿರಲಿಲ್ಲ. ಸ್ವಲ್ಪ ಹೊತ್ತು ಸರಿದು ಕೂರುತ್ತಿತ್ತು.

ಹೀಗಿರುವಾಗ ಸಿದ್ದೇಶ್ವರಿಯ ತವರಾದ ಔರಾದ ತಾಲೂಕಿನ ಎಕಂಬಾದಲ್ಲಿ ಅವಳ ಅಣ್ಣನ ಮಗುವಿನ ಜಾವಳ ಬಂತು. ಗಂಡ ಹೆಂಡತಿ ಹೋದರು, ಮಗುವಿನ ಕೂದಲು ತೆಗೆಸಿದರು, ಹೋಳಿಗೆ ಉಂಡರು, ಭಾನುವಾರ ಸಂಜೆ ಬೀದರಿಗೆ ಮರಳಿದರು. ಬಸ್ಸಿನ ಕುಲುಕಾಟಕ್ಕೆ ನೋವು ತಡೆಯಲಾಗದೆ ಸೋಮವಾರ ಬೆಳಿಗ್ಗೆ ಅನೀಲಕುಮಾರ, ಡಾಕ್ಟರು ಎಂದೋ ಬರೆದುಕೊಟ್ಟಿದ್ದ ಕುತ್ತಿಗೆ ಪಟ್ಟಿಯನ್ನು ಮೊದಲ ಸಲ ಕಟ್ಟಿಕೊಂಡು ಗಂಜಿಗೆ ಹೋದ.

ಹಮಾಲರು ಚೀಲ ಇಳಿಸಿ ನೋಡಿದರು. ಕೈಲಾಶ ಸೇಠರು ಗಾದಿಯಿಂದ ಬಗ್ಗಿ ನೋಡಿದರು. ಸೋಯಾ ತಂದಿದ್ದ ಭಾಲ್ಕಿಯ ವ್ಯಾಪಾರಿಯೊಬ್ಬ ಚಹಾದ ಬಟ್ಟಲು ಹಿಡಿದೇ ಎದ್ದು ಬಂದ.

"ಹ್ಯಾಂಗಾಯ್ತ್ರಿ ಸಾಬ್?" ಎಂದ ಉಸ್ಮಾನ ಮಿಯಾ. ಹಿಂದೆ ನಿಂತವರು ನಗಲು ಆಗಲೇ ತಯಾರಾಗಿದ್ದರು.

ಏನೂ ಆಗಿಲ್ಲ ಎನ್ನುವುದು ಸತ್ಯವಾಗಿತ್ತು. ಎರಡು ವರ್ಷ ಆ ಸತ್ಯವನ್ನು ಹೇಳಿ ಅನೀಲಕುಮಾರ ಗಳಿಸಿದ್ದು ಏನೆಂದು ಮೇಲೆ ಬರೆದಾಗಿದೆ. ಹಿಂದಿನ ದಿನ ಮಾವನ ಮನೆಯಂಗಳದಲ್ಲಿ ನಿಂತಿದ್ದ ಕರಿಯ ಟಗರು ಅವನ ಕಣ್ಣ ಮುಂದೆ ಬಂತು.

"ಮಾವನ ಟಗರು ಗುದ್ದಿತ್ರಿ," ಎಂದ.

ಯಾರೂ ನಗಲಿಲ್ಲ. ಉಸ್ಮಾನ ಮಿಯಾ ಹೆಗಲ ಮೇಲಿನ ಟವೆಲ್ಲು ತೆಗೆದು ಕೈಯಲ್ಲಿ ಹಿಡಿದುಕೊಂಡ.

"ಹಿಂದಿಂದ?"

"ಹಿಂದಿಂದ."

"ಬಗ್ಗಿದ್ರಿ?"

"ಬಗ್ಗಿದ್ದೆ."

"ಓಡಿ ಬಂದು?"

"ಓಡಿ ಬಂದು."

ಹೀಗೆ ಘಟನೆಯ ಎಲ್ಲ ವಿವರಗಳನ್ನೂ ಉಸ್ಮಾನ ಮಿಯಾನೇ ಒದಗಿಸಿದ. ಅನೀಲಕುಮಾರ ದೃಢಪಡಿಸುತ್ತ ಹೋದ. ಎರಡು ವರ್ಷ ಹಳೆಯ ನೋವಿಗೆ ನಿನ್ನೆಯ ಟಗರು ಹೇಗೆ ಕಾರಣವಾದೀತು ಎಂದು, ಇಡೀ ದಿನ ಲೆಕ್ಕ ಮಾಡುವುದೇ ಕಸುಬಾಗಿದ್ದ ಆ ಪೇಟೆಯಲ್ಲಿ ಒಬ್ಬರೂ ಲೆಕ್ಕ ಹಾಕಲಿಲ್ಲ. ಸೇಠರು ಕೆನೆ ಹಾಕಿದ ಚಹಾ ತರಿಸಿದರು, ಬೇಗ ಮನೆಗೆ ಹೋಗಲು ಹೇಳಿದರು. ಹಮಾಲರು ಕುರ್ಚಿಯ ಹಿಂದೆ ತೊಗರಿಯ ಚೀಲ ನಿಲ್ಲಿಸಿ ತಲೆ ಆನಿಸಲು ಅನುಕೂಲ ಮಾಡಿದರು. ಆ ಸಂಜೆ ಡಾಕ್ಟರು ಕೂಡ, ಇದನ್ನು ಮೊದಲೇ ಹೇಳಬಾರದಿತ್ತೇ ಎಂದು ಪ್ರೀತಿಯಿಂದ ಗದರಿ, ಗುಳಿಗೆ ಬದಲಿಸಿದರು. ನೋವು ಇದ್ದಷ್ಟೇ ಇತ್ತು. ಆದರೆ ಅದಕ್ಕೆ ಈಗ ಊರಲ್ಲಿ ಮರ್ಯಾದೆ ಸಿಕ್ಕಿತ್ತು.

ಟಗರಿನ ಬಗ್ಗೆಯೂ ಇಲ್ಲಿ ಹೇಳಬೇಕು. ಅದರ ಹೆಸರು ಜಮಾದಾರ. ಹಿಂಡಿನ ಮುಂದೆ ಗತ್ತಿನಿಂದ ನಡೆಯುತ್ತಿದ್ದುದರಿಂದ ಮಾವ ಧೊಂಡಿಬಾ ಆ ಹೆಸರಿಟ್ಟಿದ್ದ. ಗತ್ತು ನಡಿಗೆಯಲ್ಲಿ ಮಾತ್ರ ಇತ್ತು. ಹುಟ್ಟಿದ ವಾರದಲ್ಲೇ ತಾಯಿ ಸತ್ತಾಗ, ಹಬ್ಬಕ್ಕೆಂದು ತವರಿಗೆ ಹೋಗಿದ್ದ ಸಿದ್ದೇಶ್ವರಿ ಅದಕ್ಕೆ ಬಾಟಲಿಯಲ್ಲಿ ಹಾಲು ಕುಡಿಸಿ ಬದುಕಿಸಿದ್ದಳು.

ಸುದ್ದಿ ಗಂಜಿನಿಂದ ಮನೆ ತಲುಪಿದಾಗ ಅವಳು ಕೇಳಿದ್ದು ಒಂದೇ. "ಯಾವಾಗ ಗುದ್ದಿತ್ರಿ?"

"ನೀ ಒಳಗ ರೊಟ್ಟಿ ಬಡಿಲತಿದ್ದಿ, ಆವಾಗ."

"ಅವತ್ತ ರೊಟ್ಟಿ ಬಡದಿಲ್ಲ. ಹೋಳಿಗಿ ಮಾಡೀವಿ."

"ಹೋಳಿಗಿ ಮಾಡುವಾಗ."

ಅವಳು ಉಪ್ಪು ಹುರಿದು ಗಂಟು ಕಟ್ಟಿದಳು. ಆ ದಿನ ಅದನ್ನು ಅವನ ಕುತ್ತಿಗೆಗೆ ಇಡದೆ ಪಕ್ಕದಲ್ಲಿಟ್ಟು ಒಳಗೆ ಹೋದಳು.

ಸೋಯಾ ವ್ಯಾಪಾರಿ ಭಾಲ್ಕಿ ಮುಟ್ಟಿದ ಮೇಲೆ ಅಶೋಕಕುಮಾರನಿಗೆ ಸುದ್ದಿ ತಿಳಿಯಿತು. ಅಶೋಕಕುಮಾರ ಬೀಗರ ತಪ್ಪುಗಳನ್ನು ಮರೆಯದ ಜಾತಿಯ ಮನುಷ್ಯ. ತಮ್ಮನ ಮದುವೆಯ ಪಂಕ್ತಿಯಲ್ಲಿ ತನ್ನ ಎಲೆಗೆ ತುಪ್ಪ ತಡವಾಗಿ ಬಂದದ್ದನ್ನು ಅವನು ಇನ್ನೂ ಚಾಲ್ತಿಯಲ್ಲಿಟ್ಟಿದ್ದ. ಮನೆಯ ಅಳಿಯ ಅವರ ಅಂಗಳದಲ್ಲೇ ಪೆಟ್ಟು ತಿಂದು ಕುತ್ತಿಗೆಗೆ ಪಟ್ಟಿ ಕಟ್ಟಿಕೊಂಡು ಓಡಾಡುವಾಗ, ಒಂದು ತೆಂಗಿನಕಾಯಿ ಹಿಡಿದು ಬಂದು ಹೇಗಿದ್ದೀರಿ ಎಂದು ಕೇಳಲಿಲ್ಲವಲ್ಲ ಎಂದು ಫೋನಿನಲ್ಲಿ ಕೂಗಾಡಿದ. ಹೋಗಲಿ ಬಿಡಣ್ಣ ಎಂದು ಅನೀಲಕುಮಾರ ಅಂಗಲಾಚಿದ. ಅಣ್ಣ ಅದನ್ನು ತಮ್ಮನ ದೊಡ್ಡ ಗುಣವೆಂದು ತಿಳಿದು ಇನ್ನಷ್ಟು ಸಿಟ್ಟಿಗೆದ್ದ. ಮಾರನೆಯ ದಿನವೇ ಎಕಂಬಾಕ್ಕೆ ಫೋನು ಹೋಯಿತು.

ಆ ಕಡೆಯ ಬೀಗತನದಲ್ಲಿ ಯಾರೂ ಬರೆದಿಡದ ಒಂದು ನಿಯಮವಿದೆ. ಅಳಿಯ ಹೇಳಿದ್ದನ್ನು ಮಾವನಾದವನು ಸುಳ್ಳು ಎನ್ನುವಂತಿಲ್ಲ. ಅಳಿಯ ಬಿಸಿಲನ್ನು ಚಳಿ ಎಂದರೆ ಮಾವ ಕಂಬಳಿ ತರಬೇಕು. ಧೊಂಡಿಬಾ ಫೋನಿನಲ್ಲಿ ಎಲ್ಲ ಕೇಳಿಸಿಕೊಂಡು, ತಪ್ಪಾಯ್ತ್ರಿ ಎಂದ. ಅಷ್ಟು ಸಾಕಾಯಿತು. ಅಪರಾಧ ಒಪ್ಪಿಕೊಂಡಂತಾಯಿತು.

ಮುಂದಿನದನ್ನು ಎಕಂಬಾದ ಜನ ನೋಡಿಕೊಂಡರು. ವರ್ಷಗಳಿಂದ ಮಂಡಿ ನೋಯುತ್ತಿದ್ದ ಒಬ್ಬ ಮುದುಕಿಗೆ, ಹಿಂದೊಮ್ಮೆ ಜಮಾದಾರ ತನ್ನನ್ನು ಸವರಿಕೊಂಡು ಹೋದದ್ದು ನೆನಪಾಯಿತು. ಸೊಂಟ ಹಿಡಿದಿದ್ದ ಒಬ್ಬನಿಗೆ, ಅವತ್ತು ಕತ್ತಲಲ್ಲಿ ತಾನು ಎಡವಿದ್ದು ಕಲ್ಲಿಗಲ್ಲ ಎಂಬ ಅನುಮಾನ ಬಂತು. ಸಾಲೆಗೆ ಹೋಗಲು ಇಷ್ಟವಿಲ್ಲದ ಮಕ್ಕಳು ದಾರಿಯಲ್ಲಿ ಟಗರು ನಿಂತಿದೆ ಎಂದವು. ಕಾರಣ ಸಿಗದೆ ಊರಲ್ಲಿ ಅಲೆಯುತ್ತಿದ್ದ ನೋವುಗಳೆಲ್ಲ ಒಂದೇ ವಾರದಲ್ಲಿ ಜಮಾದಾರನ ಹೆಸರಿಗೆ ಜಮಾ ಆದವು.

ಇಷ್ಟು ಜೋರಿನ ಟಗರಿದ್ದರೆ ಕಾಳಗಕ್ಕೆ ಬಿಡಬಹುದೆಂದು ಕಮಠಾಣದಿಂದ ವಿಶ್ವಾಸ ಎಂಬುವನು ತನ್ನ ಟಗರನ್ನು ಟಂಟಂ ಆಟೋದಲ್ಲಿ ಹಾಕಿಕೊಂಡು ಬಂದ. ಊರೇ ಸೇರಿತು. ಎರಡನ್ನೂ ಎದುರುಬದುರು ನಿಲ್ಲಿಸಿದರು. ಜಮಾದಾರ ಎದುರಾಳಿಯನ್ನು ಒಮ್ಮೆ ನೋಡಿ, ತಿರುಗಿ ಬಂದು ಧೊಂಡಿಬಾನ ಧೋತರದ ಹಿಂದೆ ನಿಂತಿತು. ಇಲ್ಲಿಗೆ ಅದರ ನಿರಪರಾಧಿತ್ವ ಸಾಬೀತಾಗಬೇಕಿತ್ತು. ಆದರೆ ಜನ, ಹತ್ತು ಮಂದಿ ನೋಡುವಾಗ ಸಾಧುವಿನಂತೆ ನಿಲ್ಲುತ್ತದೆ, ಯಾರೂ ಇಲ್ಲದಾಗ ಹಿಂದಿನಿಂದ ಬರುತ್ತದೆ, ಭಾರಿ ಕಳ್ಳ ಟಗರು ಎಂದು ತೀರ್ಮಾನಿಸಿದರು.

ಕೊನೆಯ ಪೆಟ್ಟು ಕೊಟ್ಟವಳು ಮಹಾಮಾಯಾ. ಈಗ ಕಾರಣ ಸಿಕ್ಕಿದೆ ಎಂದು ಅಶೋಕಕುಮಾರ ತಾನೇ ಔರಾದಿಗೆ ಹೋಗಿ ಅವಳನ್ನು ಕಂಡ. ಹಾಗಿದ್ದರೆ ಸುಲಭ, ಗುದ್ದಿದ ತಲೆಯನ್ನೇ ಸಾರು ಮಾಡಿ ಉಣ್ಣಿಸಿರಿ, ಏರಿದ ನೋವು ಇಳಿಯುತ್ತದೆ ಎಂದಳು. ಅಶೋಕಕುಮಾರ ಅಲ್ಲಿಂದಲೇ ಎಕಂಬಾಕ್ಕೆ ಫೋನು ಮಾಡಿ ಭಾನುವಾರ ಗೊತ್ತುಮಾಡಿದ. ಆಯ್ತ್ರಿ ಎಂದ ಧೊಂಡಿಬಾ.

ಭಾನುವಾರ ಬೆಳಿಗ್ಗೆ ಸಿದ್ದೇಶ್ವರಿ ಸೀರೆ ಉಟ್ಟು ಹೊರಟಳು. ಎಲ್ಲರ ಮುಂದೆ ನಿಜ ಹೇಳಿಬಿಡಬೇಕು ಎಂದು ನಿಶ್ಚಯಿಸಿ ಅನೀಲಕುಮಾರ ಬಸ್ಸು ಹತ್ತಿದ. ಟಗರು ಗುದ್ದಿಲ್ಲ. ಎರಡೇ ಮಾತು. ಬಸ್ಸು ಗುಂಡಿಗೆ ಇಳಿದಾಗಲೆಲ್ಲ ಕಣ್ಣು ಮುಚ್ಚಿ, ಹತ್ತಿದಾಗಲೆಲ್ಲ ಅದನ್ನೇ ಬಾಯಿಪಾಠ ಮಾಡಿದ. ಪಟ್ಟಿ ನೋಡಿ ಒಬ್ಬ ಎದ್ದು ಸೀಟು ಬಿಟ್ಟುಕೊಟ್ಟು, ಹ್ಯಾಂಗಾಯ್ತ್ರಿ ಎಂದ. ಅನೀಲಕುಮಾರ ಅಭ್ಯಾಸಕ್ಕೆ ಇಲ್ಲಿಂದಲೇ ಶುರುಮಾಡೋಣವೆಂದು ಬಾಯಿ ತೆಗೆಯುವಷ್ಟರಲ್ಲಿ, ಹಿಂದಿನ ಸೀಟಿನಲ್ಲಿದ್ದ, ಅವನು ಎಂದೂ ನೋಡದ ಮನುಷ್ಯನೊಬ್ಬ ಉತ್ತರ ಕೊಟ್ಟ.

"ಎಕಂಬಾದ ಟಗರು ಕೇಳಿಲ್ಲೇನ್ರಿ? ಅದೇ. ನಮ್ಮ ಕಾಕಾಗೂ ಗುದ್ದ್ಯಾದ."

ಅಂಗಳದಲ್ಲಿ ಜನ ತುಂಬಿದ್ದರು. ಅಶೋಕಕುಮಾರ ಮಂಚದ ಮೇಲೆ ಕೂತಿದ್ದ. ಜಮಾದಾರನನ್ನು ಬಂಡಿಯ ಗಾಲಿಗೆ ಕಟ್ಟಿದ್ದರು. ಜಾವಳದ ದಿನ ಈ ಮನುಷ್ಯ ತನಗೆ ಅರ್ಧ ಹೋಳಿಗೆ ಕೊಟ್ಟದ್ದು ಅದಕ್ಕೆ ನೆನಪಿತ್ತು. ಅನೀಲಕುಮಾರನನ್ನು ಕಂಡದ್ದೇ ಹಗ್ಗ ಇದ್ದಷ್ಟು ದೂರ ಬಂದು, ಅವನ ತೊಡೆಗೆ ಹಣೆ ಆನಿಸಿ ನಿಂತಿತು. ಜನ ಹಿಂದೆ ಸರಿದರು.

"ನೋಡ್ರಿ," ಎಂದ ಅಶೋಕಕುಮಾರ. "ನಮ್ಮ ಕಣ್ಣ ಮುಂದೇ ಹ್ಯಾಂಗ ಬರ್ಲತ್ತದ."

ಧೊಂಡಿಬಾ ಅಳಿಯನ ಕೈ ಹಿಡಿದು, ಕೈಕಾಲು ತೊಳೆಯಲು ನೀರು ಕೊಡುವ ನೆವದಲ್ಲಿ ಮನೆಯ ಹಿಂದಿನ ಕುರಿದೊಡ್ಡಿಗೆ ಕರೆದೊಯ್ದ. ದೊಡ್ಡಿ ಖಾಲಿಯಿತ್ತು, ಹಿಂಡು ಮೇಯಲು ಹೋಗಿತ್ತು.

"ಮಾಮಾ, ಒಂದು ಮಾತು ಹೇಳೋದದ್ರಿ," ಎಂದ ಅನೀಲಕುಮಾರ.

"ಗೊತ್ತದ್ರಿ," ಎಂದ ಧೊಂಡಿಬಾ. "ಅದು ಗುದ್ದೋದಲ್ಲ. ನಾಯಿ ಬಗುಳಿದ್ರ ಅಡಗಿ ಮನಿಗಿ ಬರ್ತದ."

"ಹೊರಗ ಎಲ್ಲಾರಿಗೂ ಹೇಳಿಬಿಡ್ತೀನ್ರಿ."

"ಹೇಳಿದ್ರ ಏನಾಗ್ತದ್ರಿ? ಊರು ನಿಮಗ ನಗ್ತದ. ನಿಮ್ಮಣ್ಣ ಆ ಸಿಟ್ಟು ನನ್ನ ಮಗಳ ಮ್ಯಾಲ ತೀರಿಸ್ತಾನ. ಟಗರು ಸುಳ್ಳಾದ್ರ ಬ್ಯಾನಿನೂ ಸುಳ್ಳ ಅಂತಾರ." ಧೊಂಡಿಬಾ ತಂಬಿಗೆಯಿಂದ ಅವನ ಕೈಗೆ ನೀರು ಹಾಕಿದ. "ನನಗ ಒಂದೇ ಹೇಳ್ರಿ ಅಳಿಯಂದ್ರ. ಬ್ಯಾನಿ ಖರೇ ಅದ ಏನ್ರಿ?"

ಎರಡು ವರ್ಷದಲ್ಲಿ ಈ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ನೀರು ಬೆರಳ ಸಂದಿಯಿಂದ ಸೋರಿ ಹೋಯಿತು.

"ಖರೇ ಅದ್ರಿ ಮಾಮಾ," ಎಂದ. "ಭಾಳ ಅದ."

"ಹಂಗಾದ್ರ ಆಯ್ತು," ಎಂದ ಧೊಂಡಿಬಾ. "ಮುದುಕಿ ಹೇಳಿದ್ದರಿಂದ ಹೋಗ್ತದೋ ಇಲ್ಲೋ ನನಗ ಗೊತ್ತಿಲ್ಲ. ಹೋದ್ರ ಹೋಗ್ಲಿ. ನಡೀರಿ."

ಅನೀಲಕುಮಾರ ಓಡಿ ಹೋಗಿ ಹಗ್ಗ ಬಿಚ್ಚಿದ ಎಂದು ಇಲ್ಲಿ ಬರೆಯಬಹುದಿತ್ತು. ಅವನು ಬಿಚ್ಚಲಿಲ್ಲ. ದೊಡ್ಡಿಯ ಬೇಲಿ ಹಿಡಿದು ನಿಂತ. ಅಂಗಳದಲ್ಲಿ ಜಮಾದಾರ ಒಂದು ಸಲ ಕೂಗಿದ ಸದ್ದು ಕೇಳಿತು, ಆಮೇಲೆ ಜನರ ಮಾತು ಮತ್ತೆ ಶುರುವಾಯಿತು.

ಅತ್ತೆ ಲಲಿತಾಬಾಯಿ ಸೆರಗನ್ನು ಹಣೆಯ ಕೆಳಗೆ ಎಳೆದುಕೊಂಡು ಬಡಿಸಿದಳು. ಅಳಿಯನ ತಾಟಿಗೆ ತಲೆಯ ಸಾರು, ಮಿಕ್ಕವರಿಗೆ ಮಿಕ್ಕದ್ದು. ಮಂಡಿ ನೋವಿನ ಮುದುಕಿಗೆ ಕಾಲಿನ ಸಾರು ಕೊಟ್ಟರು. ಅವಳು ಕುಡಿದು, ಇಳಿದಂತೆ ಕಾಣುವುದಿಲ್ಲ, ಇನ್ನೊಂದು ಬಟ್ಟಲು ಬೇಕಾಗಬಹುದು ಎಂದಳು. ಸಿದ್ದೇಶ್ವರಿ ಒಳಗಿನಿಂದ ಬರಲೇ ಇಲ್ಲ.

ಜೋಳದ ರೊಟ್ಟಿ ಮುರಿದು ಅದ್ದಿ ಅನೀಲಕುಮಾರ ಬಾಯಿಗಿಟ್ಟ. ಅಗಿಯುವಾಗ ದವಡೆಯಿಂದ ಕಿವಿಯ ಹಿಂದಕ್ಕೆ ನೋವು ಹೊಡೆಯಿತು. ಇಡೀ ಪಂಕ್ತಿ ಕೈ ನಿಲ್ಲಿಸಿ ಅವನನ್ನೇ ನೋಡುತ್ತಿತ್ತು. ನುಂಗಿದ.

"ಹ್ಯಾಂಗದ?" ಎಂದ ಅಶೋಕಕುಮಾರ.

ಅನೀಲಕುಮಾರ ಮಾವನ ಕಡೆ ನೋಡಿದ. ಧೊಂಡಿಬಾ ತನ್ನ ತಾಟಿನಲ್ಲಿ ಬರಿಯ ಅನ್ನ, ಮಜ್ಜಿಗೆ ಹಾಕಿಸಿಕೊಂಡು ಕಲಸುತ್ತಿದ್ದ. ಕಲಸುವುದನ್ನು ನಿಲ್ಲಿಸಿ ತಲೆಯೆತ್ತಿದ. ಒಂದು ಜೀವ ಹೋಗಿಯಾಗಿತ್ತು. ಇಳಿಯಲಿಲ್ಲ ಎಂದರೆ, ಅದು ಸುಮ್ಮನೆ ಹೋಯಿತು ಎಂದು ಆ ಮುಖಕ್ಕೆ ಹೇಳಿದಂತಾಗುತ್ತಿತ್ತು.

"ಇಳೀತು," ಎಂದ ಅನೀಲಕುಮಾರ.

ಅಶೋಕಕುಮಾರ ಎದ್ದು ಬಂದು ತಮ್ಮನ ಕುತ್ತಿಗೆ ಪಟ್ಟಿಯನ್ನು ತಾನೇ ಚರ್ರೆಂದು ಕಿತ್ತ. ತಿರುಗಿಸಿ ತೋರಿಸು ಎಂದ. ಅನೀಲಕುಮಾರ ಬಲಕ್ಕೆ ತಿರುಗಿಸಿದ. ಬಂಡಿಯ ಗಾಲಿಗೆ ಕಟ್ಟಿದ್ದ ಹಗ್ಗ ಕಂಡಿತು. ಎಡಕ್ಕೆ ತಿರುಗಿಸಿದ. ಅಲ್ಲಿ ಏನೂ ಕಾಣಲಿಲ್ಲ, ಕಣ್ಣು ಕತ್ತಲಿಟ್ಟಿತ್ತು. ಜನ ಚಪ್ಪಾಳೆ ತಟ್ಟಿದರು.

ಅಲ್ಲಿಂದ ಅನೀಲಕುಮಾರನ ನೋವು ಅಧಿಕೃತವಾಗಿ ಮುಗಿಯಿತು. ಡಾಕ್ಟರು ತಮ್ಮ ಗುಳಿಗೆಯ ಗುಣವೆಂದು ಸಂತೋಷಪಟ್ಟರು. ಕೈಲಾಶ ಸೇಠರು ಬೇಗ ಮನೆಗೆ ಕಳಿಸುವುದನ್ನು ನಿಲ್ಲಿಸಿದರು. ಕುರ್ಚಿಯ ಹಿಂದಿನ ತೊಗರಿಯ ಚೀಲ ಮಾರಾಟವಾಗಿ ಹೈದರಾಬಾದಿಗೆ ಹೋಯಿತು. ಉಸ್ಮಾನ ಮಿಯಾ ಸೊಂಟನೋವಿನ ರೈತರಿಗೆ ಮುನೀಮನನ್ನು ತೋರಿಸಿ, ಮೊದಲು ಯಾವ ಪ್ರಾಣಿ ಗುದ್ದಿದೆ ಎಂದು ಪತ್ತೆ ಮಾಡಿರಿ, ಉಳಿದದ್ದು ಸುಲಭ ಎಂದು ಸಲಹೆ ಕೊಡತೊಡಗಿದ. ನೋವು ಜೋರಾದಾಗ ಅನೀಲಕುಮಾರ ಲೆಕ್ಕ ನೋಡುವ ನೆವ ಹೇಳಿ ಗೋದಾಮಿಗೆ ಹೋಗಿ, ಚೀಲಗಳ ಸಂದಿಯಲ್ಲಿ ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡು ನಿಲ್ಲುತ್ತಿದ್ದ. ಮೊದಲು ನಗುವವರಾದರೂ ಇದ್ದರು.

ಮನೆಯಲ್ಲೂ ಹಂಚಿನ ಮೇಲೆ ಉಪ್ಪು ಬೀಳುವುದು ನಿಂತಿತ್ತು. ವಾಸಿಯಾದ ಕುತ್ತಿಗೆಗೆ ಶಾಖ ಯಾಕೆ ಎಂದು ಸಿದ್ದೇಶ್ವರಿ ಹೇಳಲಿಲ್ಲ. ಬೇಕು ಎಂದು ಇವನು ಕೇಳಲಿಲ್ಲ.

ಒಂದು ಸಂಜೆ ಧೊಂಡಿಬಾ ಮಗಳಿಗೆ ಫೋನು ಮಾಡಿ, ಮಾತು ಮುಗಿದ ಮೇಲೆ ಅಳಿಯಂದಿರಿಗೆ ಕೊಡು ಎಂದ. ಹಿಂಡು ದೊಡ್ಡಿ ಸೇರುವ ಹೊತ್ತು, ಹಿಂದೆ ಕುರಿಗಳ ಗಂಟೆ ಕೇಳುತ್ತಿತ್ತು.

"ಬ್ಯಾನಿ ಹ್ಯಾಂಗದ್ರಿ?"

"ಇಲ್ರಿ ಮಾಮಾ. ಬಿಲ್ಕುಲ್ ಇಲ್ಲ."

"ಖರೇ ಏನ್ರಿ?"

"ಖರೇ ರಿ."

"ಛಲೋ ಆಯ್ತು ಬಿಡ್ರಿ," ಎಂದ ಧೊಂಡಿಬಾ. "ದಂಡ ಆಗ್ಲಿಲ್ಲ."

ಸಿದ್ದೇಶ್ವರಿ ಅವನ ಬಲಕ್ಕೆ ನಿಂತಿದ್ದಳು. ಫೋನು ಅವಳಿಗೆ ಕೊಡಲು ಅನೀಲಕುಮಾರ ಕತ್ತು ಅಲುಗದಂತೆ ಮೊದಲು ಪಾದ ತಿರುಗಿಸಿದ, ಆಮೇಲೆ ಸೊಂಟ, ಆಮೇಲೆ ಭುಜ. ಬಂಡಿ ಪೂರ್ತಿ ತಿರುಗಿ ನಿಲ್ಲುವವರೆಗೆ ಅವಳು ನೋಡಿದಳು. ಫೋನು ತೆಗೆದುಕೊಂಡು ಒಳಗೆ ಹೋದಳು.

ಸ್ವಲ್ಪ ಹೊತ್ತಿಗೆ ಹಂಚಿನ ಮೇಲೆ ಉಪ್ಪು ಚಟಪಟ ಅನ್ನುವುದು ಕೇಳಿತು. ಅವಳು ಬಟ್ಟೆಯ ಗಂಟು ತಂದು, ಅವನ ಹಿಂದೆ ಕೂತು, ಬಲಭುಜ ಕುತ್ತಿಗೆಗೆ ಸೇರುವಲ್ಲಿ ಒತ್ತಿ ಹಿಡಿದಳು.

"ಯಾರರೆ ಕೇಳಿದ್ರ ಶಾಖ ಸೊಂಟಕ್ಕ ಅಂತ ಹೇಳ್ರಿ," ಎಂದಳು. "ಹ್ಯಾಂಗಾಯ್ತು ಅಂದ್ರ, ಜಾರಿ ಬಿದ್ದೆ ಅನ್ರಿ. ಹತ್ರ ಯಾವ ಜೀವನೂ ಇದ್ದಿಲ್ಲ ಅನ್ರಿ."